ಮೂರು ತಲೆ, ನಾಲ್ಕು ಬಾಮು

ನಮ್ಮ ಮನೆಯಲ್ಲಿ ತಲೆ ಮೂರು, ಬಾಮು ನಾಲ್ಕು. ನನ್ನದು ಅಮೃತಾಂಜನ, ಅತ್ತೆಯವರದು ಝಂಡು, ಯಜಮಾನರದು ಟೈಗರ್ ಬಾಮ್. ನೆಗಡಿಯಾದರೆ ಮಾತ್ರ ಎಲ್ಲರೂ ವಿಕ್ಸ್ ಡಬ್ಬಿಗೇ ಕೈ ಹಾಕುತ್ತೇವೆ. ಉಳಿದಂತೆ ಒಬ್ಬರ ಡಬ್ಬಿಯ ಮುಚ್ಚಳವನ್ನು ಇನ್ನೊಬ್ಬರು ತೆಗೆದವರಲ್ಲ.

ಕಳೆದ ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಂಜೆ ನನಗೆ ತಲೆ ಸಿಡಿಯುತ್ತಿತ್ತು. ಕನ್ನಡಕದ ನಂಬರು ಬದಲಾಗಿತ್ತು ಎಂದು ತಿಳಿದದ್ದು ಆಮೇಲೆ. ನೋವಂತೂ ಬರುತ್ತಿದೆ, ಅದರಿಂದ ಒಂದು ಪರೀಕ್ಷೆಯಾದರೂ ಆಗಲಿ ಎಂದು ವಾರಕ್ಕೊಂದರಂತೆ ನಾಲ್ಕನ್ನೂ ಹಚ್ಚಿ, ಎಷ್ಟು ಹೊತ್ತಿಗೆ ಹಗುರಾಯಿತು ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಹಾಲಿನ ಲೆಕ್ಕದ ಪಕ್ಕದಲ್ಲೇ ತಲೆನೋವಿನ ಲೆಕ್ಕ.

ಮೊದಲ ವಾರ ನನ್ನ ಹಳದಿ ಬಾಮು. ಇದರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ನಮ್ಮ ಅಜ್ಜಿಯ ದಿಂಬಿನ ಕೆಳಗೆ ಯಾವಾಗಲೂ ಎರಡು ವಸ್ತುಗಳಿರುತ್ತಿದ್ದವು: ಬೀಗದ ಕೈ ಮತ್ತು ಅಮೃತಾಂಜನ. ನಮ್ಮ ಊರಿನ ಅಂಗಡಿಯಲ್ಲಿ ಬಾಮು ಎಂಬ ಪದವೇ ಇರಲಿಲ್ಲ. ಯಾವ ಕಂಪನಿಯದನ್ನು ಕೊಂಡರೂ ಅದು ಅಮೃತಾಂಜನವೇ. 1893ರಲ್ಲಿ ಮುಂಬಯಿಯಲ್ಲಿ ಇದನ್ನು ಶುರು ಮಾಡಿದವರು ತೆಲುಗಿನ ಕಾಶೀನಾಥುನಿ ನಾಗೇಶ್ವರ ರಾವ್. ಇದರಿಂದ ಬಂದ ದುಡ್ಡು ಅವರ ‘ಆಂಧ್ರ ಪತ್ರಿಕೆ’ಗೂ ಸ್ವಾತಂತ್ರ್ಯ ಚಳವಳಿಗೂ ಆಸರೆಯಾಯಿತು. ಇದೆಲ್ಲ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಅಷ್ಟು ಹೊತ್ತಿಗೆ ನನ್ನ ಮೂಗು ತೀರ್ಮಾನ ಮಾಡಿ ಬಹಳ ವರ್ಷಗಳಾಗಿದ್ದವು. ಮುಚ್ಚಳ ತಿರುಗಿಸಿದೊಡನೆ, ಇನ್ನೂ ಹಚ್ಚುವ ಮೊದಲೇ, ಅರ್ಧ ನೋವು ಹೋದಂತಾಗುತ್ತದೆ. ಕ್ಯಾಲೆಂಡರಿನ ಪ್ರಕಾರ ಇಪ್ಪತ್ತು ನಿಮಿಷ.

ಝಂಡು ಹಚ್ಚಿದ ವಾರವೂ ಇಪ್ಪತ್ತೇ. ಗಂಧಪುರವೆಂಬ ಗಿಡದ ಎಣ್ಣೆಯ ವಾಸನೆ ಮುಂದಾಗಿ ಬರುತ್ತದೆ. ತಂಪು ಬೇಗ ಏರಿ ಬೇಗ ಇಳಿದಂತೆ ಅನಿಸಿತು. ಅತ್ತೆ ಇದನ್ನು ಹಣೆಗಿಂತ ಹೆಚ್ಚಾಗಿ ಮಂಡಿಗೆ ಬಳಸುತ್ತಾರೆ. ಏಕೆ ಇದೇ ಬೇಕು ಎಂದು ಕೇಳಿದರೆ ಉತ್ತರವಾಗಿ ಹಾಡನ್ನೇ ಗುನುಗಿದರು, ದೂರದರ್ಶನದ ಕಾಲದ ಜಾಹೀರಾತಿನದು. ಕುಂದಾಪುರ ಬಿಟ್ಟು ಹೊರಗೆ ಬಾಳದ ಅವರಿಗೆ ಬರುವ ಹಿಂದಿಯೆಲ್ಲ ಅಷ್ಟೇ. 2008ರಲ್ಲಿ ಝಂಡು ಕಂಪನಿಯನ್ನು ಇಮಾಮಿಯವರು ಕೊಂಡರು ಎಂದೆ. “ಯಾರಾದರೂ ಕೊಳ್ಳಲಿ, ನನ್ನ ಮಂಡಿಗೆ ಗೊತ್ತಾಗಿಲ್ಲ” ಎಂದರು.

ವಿಕ್ಸ್ ತಲೆನೋವಿಗೆ ಸಪ್ಪೆ. ಮೂಗು ಕಟ್ಟಿದಾಗ ಎದೆಗೆ ಹಚ್ಚುವ ಮುಲಾಮನ್ನು ಹಣೆಗೆ ಹಚ್ಚಿ ದೂರುವುದು ನ್ಯಾಯವಲ್ಲ ಬಿಡಿ. ತಮಾಷೆಯೆಂದರೆ, ಅಮೆರಿಕದ ನಾರ್ತ್ ಕೆರೊಲಿನಾದ ಒಬ್ಬ ಔಷಧಿ ವ್ಯಾಪಾರಿಯ ಸೃಷ್ಟಿಯಾದ ಇದು ನಮ್ಮಲ್ಲಿ ಆಯುರ್ವೇದದ ಔಷಧಿಯಾಗಿ ಮಾರಾಟವಾಗುತ್ತದೆ.

ಟೈಗರ್ ಬಾಮ್ ಮಾತ್ರ ಬೇರೆಯ ಜಾತಿ. ಬಿಳಿಯದರಲ್ಲಿ ಕರ್ಪೂರ, ಪುದೀನದ ಜತೆ ಲವಂಗದ ಎಣ್ಣೆ ಇದೆ. ಕಡಲೆಕಾಳಿನಷ್ಟು ಸಾಕು, ಹೆಚ್ಚಾದರೆ ಕಣ್ಣಲ್ಲಿ ನೀರು. ರಂಗೂನಿನಲ್ಲಿದ್ದ ಚೀನೀ ಗಿಡಮೂಲಿಕೆ ವೈದ್ಯರೊಬ್ಬರದು ಈ ಮದ್ದು. ಅದನ್ನು ಜಗತ್ತಿಗೆಲ್ಲ ಮಾರಿದ ಮಗ ಆವ್ ಬೂನ್ ಹಾ ಅವರ ಹೆಸರಿನಲ್ಲೇ ಹುಲಿಯಿತ್ತು. ಆದರೆ ಕರಾವಳಿಯ ಮನೆಗಳಿಗೆ ಈ ಹುಲಿ ನುಗ್ಗಿದ್ದು ಕೊಲ್ಲಿ ದೇಶಗಳಿಂದ. ಊರಿಗೆ ಬಂದವರ ಪೆಟ್ಟಿಗೆ ತೆರೆದರೆ ಟ್ಯಾಂಗ್ ಪುಡಿ, ಕೊಡಲಿ ಗುರುತಿನ ಎಣ್ಣೆ, ಆರು ಮೂಲೆಯ ಈ ಗಾಜಿನ ಡಬ್ಬಿ. ಯಜಮಾನರ ಸೋದರಮಾವ ದುಬೈಯಿಂದ ಬಂದಾಗಲೆಲ್ಲ ಆರು ಡಬ್ಬಿ ತರುತ್ತಿದ್ದರು; ಈಗಲೂ ತರುತ್ತಾರೆ. ಈಗ ಅದು ನಮ್ಮ ಬೀದಿಯ ಔಷಧಿ ಅಂಗಡಿಯಲ್ಲೇ ಸಿಗುತ್ತದೆ ಎಂದರೆ ಇವರು ಒಪ್ಪುವುದಿಲ್ಲ. “ಅದರಲ್ಲಿ ಆ ಖಾರ ಇಲ್ಲ” ಎನ್ನುತ್ತಾರೆ. ನನ್ನ ಕ್ಯಾಲೆಂಡರಿನಲ್ಲಿ ಟೈಗರಿಗೆ ಹದಿನೆಂಟು ನಿಮಿಷ. ಎರಡು ನಿಮಿಷದ ಅಂತರಕ್ಕೆ ಇವರು ಒಂದು ವಾರ ಬೀಗಿದರು.

ಆ ಬೀಗು ಇಳಿಸಲೆಂದೇ ಒಂದು ಭಾನುವಾರ ಎರಡನೆಯ ಪರೀಕ್ಷೆ ಇಟ್ಟೆ. ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದರೆ ತಾಯಿ, ಮಗ ಇಬ್ಬರೂ ನಾಲ್ಕನ್ನೂ ತಪ್ಪದೆ ಹೇಳಿದರು. ಆಮೇಲೆ ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿ ಹಣೆಗೆ ಹಚ್ಚಿದೆ. ಇವರು ನನ್ನ ಅಮೃತಾಂಜನಕ್ಕೆ “ಇದೇ ಟೈಗರ್, ಅನುಮಾನವೇ ಇಲ್ಲ” ಎಂದರು. ಅತ್ತೆ ವಿಕ್ಸನ್ನು ಝಂಡು ಮಾಡಿದರು. ನನ್ನ ಸರದಿಯಲ್ಲಿ ನಾನೂ ನಾಲ್ಕಕ್ಕೆ ಮೂರು ತಪ್ಪಿದೆ.

ತಪ್ಪದೆ ಏನು ಮಾಡೀತು? ನಾಲ್ಕರಲ್ಲೂ ಚರ್ಮಕ್ಕೆ ತಂಪು ಕೊಡುವುದು ಪುದೀನದ ಸತ್ವವಾದ ಮೆಂಥಾಲ್. ಅದು ಚರ್ಮವನ್ನು ತಣ್ಣಗೆ ಮಾಡುವುದೂ ಇಲ್ಲ. ಚಳಿಯನ್ನು ಗುರುತಿಸುವ ನರಗಳನ್ನು ಕೆಣಕಿ, ತಣ್ಣಗಾಯಿತು ಎಂದು ನಂಬಿಸುತ್ತದೆ. ನಮ್ಮ ಹಣೆಗೆ ಬ್ರಾಂಡು ಗೊತ್ತಿಲ್ಲ, ಮೂಗಿಗೆ ಗೊತ್ತು. ಆ ಮೂಗಿಗೂ ಕಲಿಸಿದವರು ಬೇರೆ ಬೇರೆ: ನನಗೆ ಅಜ್ಜಿ, ಅತ್ತೆಗೆ ಟಿ.ವಿ., ಇವರಿಗೆ ಮಾವ.

ಈ ಮಾತಿಗೆ ಇನ್ನೊಂದು ಸಾಕ್ಷಿಯೂ ಮನೆಯಲ್ಲಿದೆ. ಕುತ್ತಿಗೆ ಹಿಡಿದುಕೊಂಡಾಗ ವೈದ್ಯರು ಬರೆದುಕೊಟ್ಟ ಜೆಲ್ ಅದು. ನಿಜವಾದ ನೋವಿನ ಔಷಧಿ, ಎರಡೇ ದಿನದಲ್ಲಿ ಕುತ್ತಿಗೆ ತಿರುಗಿತು. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹೆಸರೇನು ಎಂದು ಈಗ ಕೇಳಿದರೆ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಟ್ಯೂಬು ಫ್ರಿಜ್ಜಿನ ಮೇಲೆ ಧೂಳು ಹಿಡಿದು ಬಿದ್ದಿದೆ. ಅತ್ತೆಯಂತೂ ಅದನ್ನು ಹಚ್ಚಿ, ಅದರ ಮೇಲೆ ಸಮಾಧಾನಕ್ಕೆ ಝಂಡು ತಿಕ್ಕಲು ಹೊರಟಿದ್ದರು; ಚರ್ಮ ಉರಿಯುತ್ತದೆ ಎಂದು ತಡೆಯಬೇಕಾಯಿತು.

ದೀಪಾವಳಿಗೆ ಮಾವ ಬಂದರು. ಎಂದಿನಂತೆ ಆರು ಡಬ್ಬಿ. ಇವರು ಅಲ್ಲೇ ಒಂದನ್ನು ತೆರೆದು ಹಣೆಗೆ ತಿಕ್ಕಿ, “ನೋಡು, ಅಸಲಿ ಅಂದರೆ ಇದು” ಎಂದು ನನ್ನತ್ತ ತಿರುಗಿದರು. ಇವರು ಸ್ನಾನಕ್ಕೆ ಹೋದಾಗ ಮಾವ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: ಈ ಸಲ ಅಲ್ಲಿಂದ ತರುವುದು ಮರೆತೇ ಹೋಗಿತ್ತಂತೆ. ವಿಮಾನ ಇಳಿದು ಬರುವಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಕೊಂಡರಂತೆ. “ಅವನಿಗೆ ಹೇಳಬೇಡಮ್ಮ.”

ಹೇಳಿಲ್ಲ. ಐದು ಡಬ್ಬಿ ಖಾಲಿಯಾಗಿವೆ; ಆರನೆಯದನ್ನು ಇವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.