ದಾಕ್ಷಿಣ್ಯಕ್ಕೆ ಬಿದ್ದು ಬೇಸ್ ಗಿಟಾರ್ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಬೇಸ್ (ತಗ್ಗಿನ ಸ್ವರ ಕೊಡುವ ಗಿಟಾರ್) ಮಾರುವವರು ಯಾರಾದರೂ "ನಮ್ಮದೊಂದು ಬ್ಯಾಂಡ್ ಇದೆ, ಬೇಸ್ ನುಡಿಸುವವರಿಲ್ಲ, ನೀವೇ ಬಂದುಬಿಡಿ" ಅಂತ ಕರೆದರೆ ದಯವಿಟ್ಟು ಅಲ್ಲೇ ಒಂದು ನಿಮಿಷ ನಿಂತು ಯೋಚಿಸಿ. ನಾನು ನಿಲ್ಲಲಿಲ್ಲ. ಬೇಸ್‌ಗೆ 52 ಸಾವಿರ, ಆಮೇಲೆ ಜಾಮ್ ಪ್ಯಾಡ್ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆ) ಬಾಡಿಗೆ ಅಂತ 9 ಸಾವಿರ, ಒಟ್ಟು 61 ಸಾವಿರ ಹೋಯಿತು. ಬ್ಯಾಂಡ್ ಇರಲೇ ಇಲ್ಲ. ಬೇಸ್ ಕೂಡ ಮಾರಿದವನು ಹೇಳಿದ ಬೇಸ್ ಅಲ್ಲ.

ನಾನು ಬೆಂಗಳೂರಿನ ವಿಜಯನಗರದವನು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಪಿಯುಸಿ ಓದುತ್ತಿದ್ದೆ. ಆವತ್ತು ರಾತ್ರಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಉಳಿದಿದ್ದು ಸ್ಟೀವ್ ಹ್ಯಾರಿಸ್ ನುಡಿಸಿದ ಬೇಸ್. ಆದರೆ ಬೇಸ್ ಕೊಂಡಿದ್ದು ಕೆಲಸ ಸಿಕ್ಕಿ ಎಷ್ಟೋ ವರ್ಷ ಆದ ಮೇಲೆ, ಒಂದು ಹಳೇ ಯಮಾಹಾ. ನಾಲ್ಕು ವರ್ಷ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ನುಡಿಸಿದೆ. ಬೇಸ್ ಒಬ್ಬರೇ ನುಡಿಸುವುದು ಅಂದರೆ ಬರೀ ತಂಬೂರಿ ಇಟ್ಟುಕೊಂಡು ಕಚೇರಿ ಮಾಡಿದ ಹಾಗೆ. ಡ್ರಮ್ಸ್ ಬೇಕು, ಹಾಡುವವರು ಬೇಕು. ಆ ಹಸಿವು ನನಗೆ ಎಷ್ಟಿತ್ತು ಅಂತ ಆ ಮಾರಿದವನಿಗೆ ಮೊದಲ ಫೋನಿನಲ್ಲೇ ಗೊತ್ತಾಗಿರಬೇಕು.

ಜಾಹೀರಾತಿನಲ್ಲಿ ಇದ್ದಿದ್ದು ಸನ್‌ಬರ್ಸ್ಟ್ ಬಣ್ಣದ, ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬೇಸ್, ಮೆಕ್ಸಿಕೋದಲ್ಲಿ ತಯಾರಾಗಿದ್ದು, 58 ಸಾವಿರ. ಜಾಝ್ ಬೇಸ್ ಮೇಲೆ ನನಗೆ ಮೊದಲಿಂದ ಕಣ್ಣು. ಫೆಂಡರ್‌ನವರು 1951ರಲ್ಲಿ ಪ್ರಿಸಿಷನ್ ಬೇಸ್ ತಂದರು, 1960ರಲ್ಲಿ ಜಾಝ್ ಬೇಸ್. ಜಾಝ್‌ನ ನೆಕ್ (ಬೆರಳು ಒತ್ತುವ ಉದ್ದನೆಯ ಹಿಡಿ) ಅದರ ಮೇಲ್ತುದಿಯ ನಟ್ ಅನ್ನುವ ಪಟ್ಟಿ ಹತ್ತಿರ 38 ಮಿಲಿಮೀಟರ್ ಅಷ್ಟೇ ಅಗಲ. ನನ್ನ ಬೆರಳು ಗಿಡ್ಡ, ನನಗೆ ಅದೇ ಸರಿ. ಫೋನ್ ಮಾಡಿದರೆ ಬೆಲೆಗಿಂತ ಮೊದಲು ನಾನು ಯಾವ ಯಾವ ಸಂಗೀತ ಕೇಳುತ್ತೇನೆ, ಎಷ್ಟು ವರ್ಷದಿಂದ ನುಡಿಸುತ್ತೇನೆ ಅಂತೆಲ್ಲ ವಿಚಾರಿಸಿದ. ಮೊದಲ ಫೋನಿನಲ್ಲಿ 'ಬ್ರೋ', ಎರಡನೇ ಫೋನಿಗೇ 'ಮಗಾ'. "ನಮ್ಮ ಬೇಸಿಸ್ಟ್ ಕೆನಡಾಕ್ಕೆ ಹೋದ ಮಗಾ, ಅವನದೇ ಬೇಸ್ ಇದು, ಬ್ಯಾಂಡ್ ಬಿಟ್ಟು ಹೊರಗೆ ಹೋಗೋದು ಬೇಡ ಅಂತ ನನಗೆ ಆಸೆ" ಅಂದ. ನಾನು ಕರಗಿಹೋದೆ.

ಹೋಗಿದ್ದು ಸಂಜೆ ಏಳಕ್ಕೆ, ಮೂರನೇ ಮಹಡಿ. ಕರೆಂಟ್ ಇಲ್ಲ ಅಂದ. ಮೊಬೈಲ್ ಟಾರ್ಚ್ ಬೆಳಕಲ್ಲಿ ಬೇಸ್ ತೋರಿಸಿದ. ಆಂಪ್‌ಗೆ (ಬೇಸ್‌ನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿ ಕೇಳುವ ಹಾಗಿಲ್ಲ. ಟೀ ಕೊಟ್ಟ. ಕನ್ನಡದಲ್ಲೇ ಸ್ವಂತ ಹಾಡು ಮಾಡೋಣ ಅಂದ, ಎರಡು ಹಾಡು ಗುನುಗಿದ, ಚೆನ್ನಾಗಿಯೇ ಇತ್ತು. ಒಂದು ಗಂಟೆ ಮಾತಾಡಿದೆವು. ನನ್ನ ಬ್ಯಾಗಿನಲ್ಲಿ ಆಲನ್ ಕೀ (ಆರು ಮೂಲೆಯ ಸ್ಕ್ರೂ ತಿರುಗಿಸುವ ಕೀಲಿ) ಇತ್ತು, ಟ್ಯೂನರ್ ಇತ್ತು, ಏನೇನು ನೋಡಬೇಕು ಅಂತ ಬರೆದುಕೊಂಡ ಚೀಟಿಯೂ ಇತ್ತು. ಒಂದನ್ನೂ ಹೊರಗೆ ತೆಗೆಯಲಿಲ್ಲ. ನಾಳೆಯಿಂದ ಜೊತೆಗೆ ನುಡಿಸುವವನ ಎದುರು, ಅವನ ಮನೆಯ ಟೀ ಕುಡಿದು, ಅವನ ಬೇಸ್ ತಿರುಗಿಸಿ ತಿರುಗಿಸಿ ಅನುಮಾನದಿಂದ ನೋಡುವುದು ಹೇಗೆ? ದಾಕ್ಷಿಣ್ಯ ಅಂದರೆ ಇದೇ ಅಲ್ವಾ. ಆ ದಾಕ್ಷಿಣ್ಯದ ಮೇಲೇ ಅವನ ವ್ಯಾಪಾರ ನಿಂತಿದೆ ಅಂತ ನನಗೆ ಅರ್ಥ ಆಗಿದ್ದು ಎಷ್ಟೋ ದಿನದ ಮೇಲೆ. "ನಮ್ಮವನು ನೀನು" ಅಂತ 6 ಸಾವಿರ ಇಳಿಸಿದ. ಅಲ್ಲೇ ಯುಪಿಐ ಮಾಡಿದೆ. ಮೆಟ್ಟಿಲು ಇಳಿದು ಕೆಳಗೆ ಬಂದಾಗ ಸಂಪಿನ ಮೋಟರ್ ಓಡುತ್ತಿತ್ತು. ಸದ್ದು ಕೇಳಿಸಿತು. ಕರೆಂಟ್ ಇಲ್ಲದೆ ಮೋಟರ್ ಹೇಗೆ ಓಡುತ್ತದೆ ಅಂತ ತಲೆಗೆ ಹೋಗಲಿಲ್ಲ, ಹೆಗಲ ಮೇಲೆ ಹೊಸ ಬೇಸ್ ಇತ್ತಲ್ಲ.

ಎರಡು ಭಾನುವಾರ ಜಾಮ್ ಆಯಿತು. ಒಬ್ಬ ಡ್ರಮ್ಮರ್ ಬಂದಿದ್ದ, ಒಳ್ಳೆಯ ಹುಡುಗ. ಮೂರನೇ ವಾರ, ಪ್ಯಾಡ್‌ನವರು ಮೂರು ತಿಂಗಳದ್ದು ಮುಂಗಡ ಕೊಟ್ಟರೆ ಕಡಿಮೆ ಮಾಡುತ್ತಾರೆ, ತಲೆಗೆ 9 ಸಾವಿರ ಅಂದ. ಕೊಟ್ಟೆ. ನಾಲ್ಕನೇ ಭಾನುವಾರ ಪ್ಯಾಡ್ ಬಾಗಿಲಲ್ಲಿ ನಾನು ಮತ್ತು ಡ್ರಮ್ಮರ್ ಇಬ್ಬರೇ ನಿಂತಿದ್ದೆವು. ಒಳಗೆ ಕೇಳಿದರೆ ಮುಂಗಡ ಅನ್ನುವುದೇ ಇಲ್ಲ, ಗಂಟೆ ಲೆಕ್ಕ ಮಾತ್ರ ಅಂದರು. ಅವನ ಫೋನ್ ಸ್ವಿಚ್ ಆಫ್. ಅಲ್ಲೇ ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಡ್ರಮ್ಮರ್ ಹೇಳಿದ: ಅವನ ಸ್ನೇರ್, ಎರಡು ಸಿಂಬಲ್, ಎಲ್ಲ ಇದೇ ಮನುಷ್ಯನಿಂದ ಕೊಂಡಿದ್ದು. "ನಮ್ಮ ಡ್ರಮ್ಮರ್ ಕೆನಡಾಕ್ಕೆ ಹೋದ" ಅಂತ ಅವನಿಗೂ ಹೇಳಿದ್ದನಂತೆ. ಅಂದರೆ ಆ ಬ್ಯಾಂಡ್‌ನಲ್ಲಿ ಇದ್ದವರೆಲ್ಲ ಅವನ ಗಿರಾಕಿಗಳೇ.

ಆಮೇಲೆ ಬೇಸನ್ನು ರಿಪೇರಿ ಮಾಡುವ ಒಬ್ಬ ಅಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಗಣೇಶನ ಪೆಂಡಾಲ್, ರಾಜ್ಯೋತ್ಸವ ಅಂತ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಬೇಸ್ ನುಡಿಸಿದವರು. ಅವರು ತೋರಿಸಿದ್ದನ್ನೆಲ್ಲ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಮೂರನೇ ಮಹಡಿಯಲ್ಲೇ ಹತ್ತು ನಿಮಿಷದಲ್ಲಿ ನೋಡಬಹುದಿತ್ತು.

ಮೊದಲು ನೆಕ್. ಅದರೊಳಗೆ ಉದ್ದಕ್ಕೆ ಒಂದು ರಾಡ್ ಇರುತ್ತದೆ, ಟ್ರಸ್ ರಾಡ್. ನಾಲ್ಕು ತಂತಿ ಸೇರಿ ನೆಕ್ಕನ್ನು 70 ಕೆಜಿಗಿಂತ ಜಾಸ್ತಿ ಬಲದಿಂದ ಮುಂದಕ್ಕೆ ಎಳೆಯುತ್ತವೆ, ಅದಕ್ಕೆ ಎದುರಾಗಿ ಈ ರಾಡ್ ಹಿಡಿದುಕೊಂಡಿರುತ್ತದೆ. ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣ ಹವೆಗೂ ಮಳೆಗಾಲದ ತೇವಕ್ಕೂ ಮರ ಸ್ವಲ್ಪ ಬಾಗುವುದು ಸಹಜ, ಆಗ ಆಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಸಾಕು. ನನ್ನದರಲ್ಲಿ ಅದನ್ನು ಕೊನೇವರೆಗೂ ಬಿಗಿದಾಗಿತ್ತು. ಕೀ ಕೂರುವ ಆರು ಮೂಲೆಯೂ ಸವೆದು ಗುಂಡಗಾಗಿತ್ತು. ಅಷ್ಟು ಬಿಗಿದರೂ ನೆಕ್ ಬಿಲ್ಲಿನ ಹಾಗೆ ಬಾಗಿಯೇ ಇತ್ತು. ಪರೀಕ್ಷೆ ಮಾಡುವುದು ಸುಲಭ: ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಚಿಂತೆಯಿಲ್ಲ. ನನ್ನದರಲ್ಲಿ ರೂಪಾಯಿ ನಾಣ್ಯ ತೂರಿತು. ಅಣ್ಣ ಆ ನಾಣ್ಯ ತೂರಿಸಿ ಸುಮ್ನೆ ನನ್ನ ಮುಖ ನೋಡಿದರು.

ಆಮೇಲೆ ನೆಕ್ ಹಿಡಿದಿರುವ ನಾಲ್ಕು ಸ್ಕ್ರೂ ಬಿಚ್ಚಿದರು. ನೆಕ್ ಬುಡದಲ್ಲಿ ಇರಬೇಕಾದ ಮುದ್ರೆ ಇಲ್ಲ. ಬಾಡಿ ದಪ್ಪ ಕಡಿಮೆ. ನಾಬ್ ಕೆಳಗಿನ ಪಾಟ್‌ಗಳು (ಸದ್ದು ಏರಿಸಿ ಇಳಿಸುವ ಭಾಗ) ಪುಟ್ಟವು. ಹೆಡ್‌ಸ್ಟಾಕ್, ಅಂದರೆ ನೆಕ್‌ನ ತಲೆಭಾಗದ ಹಿಂದೆ ಮೂಲ ಸೀರಿಯಲ್ ನಂಬರನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು, ಮೇಲೆ ಮೆಕ್ಸಿಕೋದ್ದು ಅಂತ ತೋರಿಸುವ ಎಂಎಕ್ಸ್‌ನಿಂದ ಶುರುವಾಗುವ ಬೇರೆ ನಂಬರ್ ಅಂಟಿಸಿ, ಲ್ಯಾಕರ್ ಹೊಡೆದಿದ್ದರು. ಆ ನಂಬರನ್ನು ನಾನು ಮೊದಲೇ ಫೆಂಡರ್‌ನವರ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದ್ದೆ, ಸರಿಯಾಗಿಯೇ ಬಂದಿತ್ತು. ಬರದೆ ಏನು, ಯಾವುದೋ ನಿಜವಾದ ಬೇಸ್‌ನ ಫೋಟೋ ನೋಡಿ ಇಳಿಸಿಕೊಂಡ ನಂಬರ್ ಅದು. ನಂಬರ್ ತಾಳೆಯಾದ ಮಾತ್ರಕ್ಕೆ ಕೈಯಲ್ಲಿರುವ ಬೇಸ್ ಅದೇ ಅಂತ ಆಗುವುದಿಲ್ಲ. ಅಣ್ಣನ ಲೆಕ್ಕದಲ್ಲಿ ಇದು ಫೆಂಡರ್‌ನವರದೇ ಕಡಿಮೆ ಬೆಲೆಯ ಸ್ಕ್ವಯರ್, ಹೆಸರು ಮಾತ್ರ ಬದಲಾಗಿದೆ. ಸ್ಕ್ವಯರ್ ಕೆಟ್ಟದ್ದಲ್ಲ. ಸ್ಕ್ವಯರ್ ಅಂತಲೇ ಹೇಳಿ, ಅದರ ಬೆಲೆಗೆ, ನೆಟ್ಟಗಿರುವ ನೆಕ್ ಜೊತೆ ಕೊಟ್ಟಿದ್ದರೆ ನಾನು ಖುಷಿಯಿಂದ ನುಡಿಸುತ್ತಿದ್ದೆ.

ಆಂಪ್‌ಗೆ ಹಾಕದೆ ಯಾವ ಬೇಸನ್ನೂ ಕೊಳ್ಳಬೇಡಿ. ಕರೆಂಟ್ ಇಲ್ಲ ಅಂದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ, ಇಲ್ಲವೇ ಜಾಮ್ ಪ್ಯಾಡಿಗೆ ತನ್ನಿ ಅನ್ನಿ, ಒಂದು ಗಂಟೆ ಬಾಡಿಗೆ ನೀವೇ ಕೊಟ್ಟರೂ ಲಾಭವೇ. ಜಾಝ್ ಬೇಸ್‌ನಲ್ಲಿ 20 ಫ್ರೆಟ್, ನಾಲ್ಕು ತಂತಿ, 80 ಸ್ವರ. ಎಂಬತ್ತನ್ನೂ ಒಂದೊಂದಾಗಿ ನುಡಿಸಿ ಕೇಳಿ, ಐದು ನಿಮಿಷ ಸಾಕು. ತೆಳು ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸತ್ತುಹೋದರೆ ಹೆದರಬೇಡಿ, ಈ ಜಾತಿಯ ಎಷ್ಟೋ ಒಳ್ಳೆಯ ಬೇಸ್‌ಗಳಲ್ಲೂ ಅದು ಇರುತ್ತದೆ. ಎರಡು ಪಿಕಪ್‌ಗಳಲ್ಲಿ (ತಂತಿಯ ಸದ್ದು ಹಿಡಿಯುವ ಭಾಗ) ಒಂದರ ವಾಲ್ಯೂಮ್ ಇಳಿಸಿದಾಗ ಗುಂಯ್ ಅನ್ನುವುದೂ ಜಾಝ್ ಬೇಸ್‌ನ ಸ್ವಭಾವ, ಎರಡೂ ಪೂರ್ತಿ ಏರಿಸಿದರೆ ನಿಲ್ಲಬೇಕು. ಆದರೆ ತಂತಿ ಮುಟ್ಟಿದಾಗ ಆ ಸದ್ದು ಜಾಸ್ತಿಯಾದರೆ ಅರ್ತಿಂಗ್ ಸರಿಯಿಲ್ಲ ಅಂತ. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದರೆ ಹೊಸ ಬ್ಯಾಟರಿ ನೀವೇ ತೆಗೆದುಕೊಂಡು ಹೋಗಿ. ಬ್ಯಾಟರಿ ಸತ್ತಿದೆ, ಅದಕ್ಕೇ ಸದ್ದು ಬರುತ್ತಿಲ್ಲ ಅನ್ನುವ ಮಾತಿಗೆ ಜಾಗ ಇರಬಾರದು.

ಮಾರುವವರಿಗೂ ಒಂದು ಮಾತು. ಈ ದುಡ್ಡು ಹೊಂದಿಸಲು ನನ್ನ ಯಮಾಹಾ ಮಾರುವಾಗ ಒಬ್ಬ ಫೋನ್ ಮಾಡಿ, ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಬೇಸ್ ನೋಡದೆಯೇ ತೆಗೆದುಕೊಳ್ಳುತ್ತೇನೆ ಅಂತ ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದಂತೆ. ನನ್ನ ಅಕ್ಕ ಅಲ್ಲೇ ಇದ್ದಳು, ಫೋನ್ ಕಿತ್ತುಕೊಂಡಳು. ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸಲು, ಪಡೆಯಲು ಪಿನ್ ಬೇಡವೇ ಬೇಡ. ಅಕಸ್ಮಾತ್ ಹಾಕಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ಮತ್ತು ಡ್ರಮ್ಮರ್ ಪೊಲೀಸ್ ಠಾಣೆಗೆ ಹೋದೆವು. ಮೊದಲು ಕೇಳಿದ್ದೇ, ಬರಹದಲ್ಲಿ ಏನಿದೆ ಅಂತ. ಏನೂ ಇರಲಿಲ್ಲ. ಜಾಹೀರಾತು ತೆಗೆದುಹಾಕಿದ್ದ. ವಾಟ್ಸಾಪ್‌ನಲ್ಲಿ ಮೊದಲ ದಿನವೇ 24 ಗಂಟೆಗೆ ಮೆಸೇಜ್ ಮಾಯವಾಗುವ ಸೆಟ್ಟಿಂಗ್ ಹಾಕಿದ್ದ, ಫೋನಿನಲ್ಲಿ ಜಾಗ ಉಳಿಯುತ್ತೆ ಮಗಾ ಅಂದಿದ್ದ. ಮೂರನೇ ಮಹಡಿಯ ಮನೆ ಖಾಲಿಯಾಗಿತ್ತು, ತಿಂಗಳ ಬಾಡಿಗೆಗೆ ಇದ್ದನಂತೆ. ಯುಪಿಐ ರಸೀದಿ ಎರಡು ಇದ್ದವು, ಅದರ ಮೇಲೆ ದೂರು ಕೊಟ್ಟು ಬಂದೆವು. ಒಂದು ಬಿಳಿ ಹಾಳೆಯಲ್ಲಿ ಬೇಸ್‌ನ ಹೆಸರು, ಸೀರಿಯಲ್ ನಂಬರ್, ಎಲ್ಲಿ ತಯಾರಾಗಿದ್ದು, ಬೆಲೆ, ತಾರೀಕು, ಇಬ್ಬರ ಸಹಿ, ಇಷ್ಟು ಬರೆಸಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕಿತ್ತು. ಬರೆದುಕೊಡಲು ಹಿಂದೆ ಮುಂದೆ ನೋಡುವವನ ಬೇಸ್ ನಮಗೆ ಬೇಡ. ಜಾಹೀರಾತಿನ ಸ್ಕ್ರೀನ್‌ಶಾಟ್ ಅಂತೂ ಫೋನ್ ಮಾಡುವ ಮೊದಲೇ ತೆಗೆದಿಟ್ಟುಕೊಳ್ಳಿ.

ಬ್ಯಾಂಡ್ ಹುಡುಕುವವರಿಗೆ ನಾನು ಕೇಳಿಕೊಳ್ಳುವುದು ಒಂದೇ. ಕೊಳ್ಳುವುದನ್ನೂ ಜೊತೆಗೆ ನುಡಿಸುವುದನ್ನೂ ಒಬ್ಬನೇ ಮನುಷ್ಯನ ಹತ್ತಿರ, ಒಂದೇ ದಿನ ಇಟ್ಟುಕೊಳ್ಳಬೇಡಿ. ಮೊದಲು ನಿಮ್ಮ ಹಳೇ ಬೇಸ್ ಹಿಡಿದು ಹೋಗಿ ನಾಲ್ಕು ಸಲ ನುಡಿಸಿ. ಪ್ಯಾಡ್ ಬಾಡಿಗೆಯನ್ನು ಆಯಾ ದಿನ, ಪ್ಯಾಡ್‌ನವರ ಕೈಗೇ, ತಲೆಗಿಷ್ಟು ಅಂತ ಹಂಚಿಕೊಂಡು ಕೊಡಿ. ಈ ಊರಿನಲ್ಲಿ ಜನ ಸಿಗುವುದಿಲ್ಲ ಅಂತಲ್ಲ. 1996ರಲ್ಲಿ ಶುರುವಾದ ಫ್ರೀಡಂ ಜಾಮ್ ಅನ್ನುವ ಸಂಗೀತ ಹಬ್ಬ ಇರಲಿ, ಚಿಕ್ಕಪುಟ್ಟ ಓಪನ್ ಮೈಕ್ ಇರಲಿ, ಅಲ್ಲಿ ಹೋಗಿ ನಿಂತರೆ ಯಾರು ಹೇಗೆ ನುಡಿಸುತ್ತಾರೆ ಅಂತ ಕಣ್ಣಾರೆ ನೋಡಬಹುದು. ಆರ್ಕೆಸ್ಟ್ರಾದವರನ್ನೂ ಕೇಳಿ. ತಾಳ ತಪ್ಪದೆ ನುಡಿಸುವವರಿಗೆ ಅವರು ಎಂದೂ ಬೇಡ ಅನ್ನುವುದಿಲ್ಲ ಅಂತ ರಿಪೇರಿ ಅಣ್ಣ ಹೇಳುತ್ತಾರೆ.

ಡ್ರಮ್ಮರ್ ಮತ್ತು ನಾನು ಈಗಲೂ ಭಾನುವಾರ ಸೇರುತ್ತೇವೆ. ನಾನು ಪ್ಯಾಡ್‌ನವರ ಬೇಸ್ ನುಡಿಸುತ್ತೇನೆ. ಹೋದ ವಾರ ಅವನು ಒಂದು ಜಾಹೀರಾತು ಕಳಿಸಿದ: ಕೀಬೋರ್ಡ್ ಮಾರಾಟಕ್ಕಿದೆ, ಕನ್ನಡ ಬ್ಯಾಂಡ್‌ಗೆ ಕೀಬೋರ್ಡ್ ನುಡಿಸುವವರೂ ಬೇಕಾಗಿದ್ದಾರೆ. ಹೆಸರು ಬೇರೆ, ನಂಬರ್ ಬೇರೆ. ಆದರೆ ಫೋಟೋದಲ್ಲಿ ಕೀಬೋರ್ಡ್ ಪಕ್ಕ ಇರುವ ಸ್ಟೀಲ್ ಟೀ ಲೋಟ, ಅದರ ಕೆಳಗಿನ ಕೆಂಪು ಹೂವಿನ ಟ್ರೇ, ಅದರಲ್ಲೇ ನನಗೆ ಟೀ ಕೊಟ್ಟಿದ್ದು. ಆ ಸ್ಕ್ರೀನ್‌ಶಾಟ್ ಠಾಣೆಗೆ ಕೊಟ್ಟು ಬಂದು ಇದನ್ನು ಬರೆಯಲು ಕೂತೆ. ಬೆಂಗಳೂರಿನಲ್ಲಿ ಕೀಬೋರ್ಡ್ ಹುಡುಕುತ್ತಿರುವವರು ನಿಮಗೆ ಗೊತ್ತಿದ್ದರೆ ಇವತ್ತೇ ಹೇಳಿಬಿಡಿ.