ಕ್ಯಾನ್ಸರ್ ‘ಟ್ರಯಲ್’ ಅಂತ ದುಡ್ಡು ಕೇಳಿದರೆ ಮೊದಲು ನೋಂದಣಿ ನಂಬರ್ ಕೇಳಿ

ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ‘ಹೊಸ ಸಂಶೋಧನೆ, ಆಪರೇಷನ್ನೇ ಬೇಡ, ನಿಮ್ಮ ರಕ್ತದಿಂದಲೇ ಲಸಿಕೆ ಮಾಡಿ ಕೊಡ್ತೀವಿ’ ಅಂತ ಹೇಳಿ, ಟ್ರಯಲ್ (ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವುದು) ಹೆಸರಿನಲ್ಲಿ ತುಮಕೂರಿನ ಒಂದು ಕ್ಲಿನಿಕ್‌ನವರು ಬಾಯಿ ಕ್ಯಾನ್ಸರ್ ಇದ್ದ ನಮ್ಮ ಚಿಕ್ಕಪ್ಪನಿಂದ ಲಕ್ಷಗಟ್ಟಲೆ ವಸೂಲಿ ಮಾಡಿದ್ದಾರೆ. ದುಡ್ಡು ಹಾಗಿರಲಿ, ಗಡ್ಡೆ ಕೆನ್ನೆಯಲ್ಲಷ್ಟೇ ಇದ್ದ ಸಮಯ ಕೈಬಿಟ್ಟು ಹೋಯಿತು.

ಚಿಕ್ಕಪ್ಪ ಅಡಿಕೆ ತೋಟದವರು. ಎಲೆ, ಅಡಿಕೆ, ಹೊಗೆಸೊಪ್ಪು ಸದಾ ಬಾಯಲ್ಲಿ. ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯೇ ಅನ್ನ ಕೊಡುವ ನಮ್ಮ ಸೀಮೆಯಲ್ಲಿ ಇದನ್ನು ಹೇಳೋದು ಕಷ್ಟ, ಆದರೂ ಹೇಳಲೇಬೇಕು. ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ, ಕೆನ್ನೆಯೊಳಗಿನ ಹುಣ್ಣು ಮಾಯುತ್ತಿರಲಿಲ್ಲ. ಬಯಾಪ್ಸಿ (ಹುಣ್ಣಿನ ತುಣುಕಿನ ಪರೀಕ್ಷೆ) ನೋಡಿದ ಡಾಕ್ಟರು ತಡಮಾಡದೆ ಆಪರೇಷನ್ ಮಾಡಿಸಿ ಅಂದರು. ಮುಖ ವಿಕಾರವಾಗುತ್ತದೆ ಅಂತ ಚಿಕ್ಕಪ್ಪ ಹೆದರಿ ಕೂತರು. ಕ್ಲಿನಿಕ್‌ನ ಏಜೆಂಟ್ ಹಿಡಿದದ್ದು ಆ ಹೆದರಿಕೆಯನ್ನೇ.

ಕ್ಲಿನಿಕ್‌ನಲ್ಲಿ ಗೋಡೆಗೆ ರಾಲ್ಫ್ ಸ್ಟೈನ್‌ಮನ್ ಅವರ ದೊಡ್ಡ ಫೋಟೊ. ‘ನೊಬೆಲ್ ಬಂದ ಚಿಕಿತ್ಸೆ ಯಜಮಾನ್ರೇ, ಆ ವಿಜ್ಞಾನಿ ತಮ್ಮ ಕ್ಯಾನ್ಸರ್‌ಗೇ ಇದನ್ನ ಬಳಸಿದ್ರು’ ಅಂದರು. ಅರ್ಧ ನಿಜ ಹೇಳಿ ಮೋಸ ಮಾಡೋದು ಅಂದರೆ ಇದೇ. ಸ್ಟೈನ್‌ಮನ್ ಕಂಡುಹಿಡಿದದ್ದು ಡೆಂಡ್ರೈಟಿಕ್ ಕೋಶಗಳನ್ನು. ಶತ್ರು ಯಾರು ಅಂತ ರೋಗನಿರೋಧಕ ವ್ಯವಸ್ಥೆಗೆ ತೋರಿಸಿಕೊಡುವ ಕೋಶಗಳು ಅವು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದಾಗ ಅವರು ಈ ಕೋಶಗಳಿಂದ ಮಾಡಿದ ಲಸಿಕೆಯ ಪ್ರಯೋಗವನ್ನು ತಮ್ಮ ಮೇಲೆ ಮಾಡಿಸಿಕೊಂಡದ್ದೂ ಹೌದು. ಆದರೆ ಆಪರೇಷನ್ ಮತ್ತು ಕೀಮೋ ಬಿಟ್ಟಿರಲಿಲ್ಲ. 2011ರಲ್ಲಿ ಪ್ರಶಸ್ತಿ ಪ್ರಕಟವಾಗುವ ಮೂರು ದಿನ ಮೊದಲು ಅದೇ ಕಾಯಿಲೆಯಿಂದ ತೀರಿಕೊಂಡರು. ಅವರು ಅಷ್ಟು ಕಾಲ ಬದುಕಿದ್ದು ಯಾವುದರಿಂದ ಅಂತ ಒಬ್ಬ ರೋಗಿಯನ್ನು ನೋಡಿ ಯಾರೂ ಹೇಳಲಾರರು. ಇದೇ ಬಗೆಯ ಒಂದು ಚಿಕಿತ್ಸೆಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ. ಪರೀಕ್ಷೆಯಲ್ಲಿ ಕಂಡುಬಂದ ಆಯಸ್ಸಿನ ಲಾಭ ಸುಮಾರು ನಾಲ್ಕು ತಿಂಗಳು. ಬಾಯಿ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಇಲ್ಲದೆ ಕರಗಿಸುತ್ತೆ ಅನ್ನೋದು ಇವರೇ ಕಟ್ಟಿದ ಮಾತು.

ಪ್ರತಿ ಡೋಸ್‌ಗೂ ನಗದು ತಗೊಂಡರು. ರಸೀದಿ ಅಂತ ಕೊಟ್ಟದ್ದು ಬಿಳಿ ಚೀಟಿ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿ, ಚಿಕ್ಕಪ್ಪನಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ‘ಔಷಧಿ ಕೆಲಸ ಮಾಡ್ತಿರೋದರ ಗುರುತು’ ಅಂದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಿಜವಾದ ಟ್ರಯಲ್ ಹೇಗಿರುತ್ತದೆ ಅಂತ ತಿಳಿದುಕೊಳ್ಳಿ. ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿ ಆಗಿರಬೇಕು. 2009ರಿಂದ ಇದು ಕಡ್ಡಾಯ. ಆ ನಂಬರನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆ ಹುಡುಕಬಹುದು. ರೋಗಿಗಳಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ ಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ. ಪರೀಕ್ಷೆಯಲ್ಲಿರುವ ಔಷಧಿಗೆ ಸಾಮಾನ್ಯವಾಗಿ ರೋಗಿಯ ಜೇಬಿಗೆ ಯಾರೂ ಕೈಹಾಕುವುದಿಲ್ಲ. ನಾವು ನಂಬರ್ ಕೇಳಿದ ಮೇಲೆ ಕ್ಲಿನಿಕ್‌ನವರು ಫೋನ್ ಎತ್ತೋದೇ ಬಿಟ್ಟರು. ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ ಚೀಟಿಗಳ ಸಮೇತ ದೂರು ಕೊಟ್ಟಿದ್ದೇವೆ.

ಚಿಕ್ಕಪ್ಪನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕಾಯಿತು, ಈಗ ರೇಡಿಯೇಷನ್ ನಡೆಯುತ್ತಿದೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಸಾಲ ಮಾಡುವ ಮುಂಚೆ ಅದನ್ನು ವಿಚಾರಿಸಿ.

ಆ ಏಜೆಂಟ್ ಈಗ ನಿಟ್ಟೂರು ಕಡೆ ಓಡಾಡಿಕೊಂಡು, ಬಯಾಪ್ಸಿ ರಿಪೋರ್ಟ್ ವಾಟ್ಸಾಪ್ ಮಾಡಿ ಅಂತ ಕೇಳುತ್ತಿದ್ದಾನಂತೆ. ಯಾರೂ ಕಳಿಸಬೇಡಿ.