ಡುವೇನ್ ನಂತರದ ಆಲ್‌ಮನ್ ಬ್ರದರ್ಸ್: ಮೂರು ತಂಡಗಳಲ್ಲಿ ನನ್ನ ಆಯ್ಕೆ

ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ ಇಬ್ಬರು ಅಭಿಮಾನಿಗಳು ಸೇರಿದರೆ ಸಾಕು, ಯಾವ ಕಾಲದ ತಂಡ ಅಸಲಿ ಎಂಬ ಜಗಳ ಶುರುವಾಗುತ್ತದೆ. 1969ರಲ್ಲಿ ಕೂಡಿದ್ದು ಆರು ಜನ. 2014ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಬೀಕನ್ ಥಿಯೇಟರ್‌ನಲ್ಲಿ ಕೊನೆಯ ಕಛೇರಿ ನಡೆದಾಗ ಅವರಲ್ಲಿ ವೇದಿಕೆ ಮೇಲಿದ್ದವರು ಮೂವರೇ: ಗಾಯಕ ಹಾಗೂ ಆರ್ಗನ್ ವಾದಕ ಗ್ರೆಗ್ ಆಲ್‌ಮನ್, ಡ್ರಮ್ ವಾದಕರಾದ ಬುಚ್ ಟ್ರಕ್ಸ್ ಮತ್ತು ಜೈಮೋ.

ಮೊದಲ ಸ್ಥಾನ ಗಿಟಾರ್ ವಾದಕ ಡುವೇನ್ ಆಲ್‌ಮನ್ ಇದ್ದ ಮೂಲ ತಂಡಕ್ಕೆ, ಚರ್ಚೆಯೇ ಬೇಡ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಆಲ್ಬಂ ಅದನ್ನು ಎಂದೋ ತೀರ್ಮಾನಿಸಿದೆ. ಅದೇ ವರ್ಷ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ಡುವೇನ್ ತೀರಿಕೊಂಡರು. ಮರುವರ್ಷ ಬೇಸ್ ವಾದಕ ಬೆರ್ರಿ ಓಕ್ಲಿ ಕೂಡ ಅದೇ ಊರಿನಲ್ಲಿ, ಬೈಕ್ ಅಪಘಾತದಲ್ಲೇ ಹೋದರು. ಇಬ್ಬರಿಗೂ 24 ವರ್ಷ. ಹಾಗಾಗಿ ನಿಜವಾದ ಪೈಪೋಟಿ ಇರುವುದು ಅವರ ನಂತರ ಬಂದವರ ನಡುವೆ.

ಹೋಲಿಸಲು ನಾನು ಹಿಡಿದುಕೊಂಡದ್ದು ಮೂಲ ತಂಡದ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ರಚಿಸಿದ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಎಂಬ ವಾದ್ಯಕೃತಿ. ಫಿಲ್‌ಮೋರ್ ಮುದ್ರಿಕೆಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಆರಂಭದಲ್ಲಿ ಬೆಟ್ಸ್ ಗಿಟಾರಿನ ವಾಲ್ಯೂಮ್ ತಿರುಗಣೆಯನ್ನು ಮೆಲ್ಲಗೆ ತಿರುಗಿಸುತ್ತಾ ಸ್ವರ ಎಬ್ಬಿಸುತ್ತಾರೆ. ತಂತಿ ಮೀಟಿದ ಸದ್ದೇ ಇಲ್ಲ, ಪಿಟೀಲಿನ ಮೇಲೆ ಕಮಾನು ಎಳೆದಂತಿರುತ್ತದೆ. ಆಮೇಲೆ ಎರಡು ಗಿಟಾರ್‌ಗಳೂ ಜೊತೆಯಾಗಿ ರಾಗ ನುಡಿಸುತ್ತವೆ. ಬೆಟ್ಸ್ ಸರದಿ, ಗ್ರೆಗ್ ಅವರ ಆರ್ಗನ್ ಮುಗಿದ ಮೇಲೆ ಡುವೇನ್ ಬಂದು ಕೃತಿಯನ್ನು ಎಲ್ಲಿಗೋ ಎತ್ತಿಬಿಡುತ್ತಾರೆ.

ಇದೇ ಕೃತಿಯನ್ನು 1976ರಲ್ಲಿ ಹೊರಬಂದ ಲೈವ್ ಆಲ್ಬಂನಲ್ಲಿ ಕೇಳಿ. ಡುವೇನ್ ಜಾಗಕ್ಕೆ ಇನ್ನೊಬ್ಬ ಗಿಟಾರ್ ವಾದಕರನ್ನು ತರದೆ, ಚಕ್ ಲೆವೆಲ್ ಎಂಬ ಹುಡುಗನ ಪಿಯಾನೋ ಸೇರಿಸಿಕೊಂಡ ತಂಡ ಅದು. ಬೇಸ್‌ಗೆ ಲಮಾರ್ ವಿಲಿಯಮ್ಸ್. ಗಿಟಾರ್ ಜೋಡಿಯ ಸೊಗಸು ಇಲ್ಲಿ ಇಲ್ಲ, ನಿಜ. ಆದರೆ ಬೆಟ್ಸ್ ಒಂದು ಎಳೆ ಬಿಟ್ಟ ಕೂಡಲೇ ಲೆವೆಲ್ ಅದನ್ನು ಜಾಝ್ ಕಡೆಗೆ ಎಳೆದುಕೊಂಡು ಹೋಗುತ್ತಾರೆ. ಕೃತಿಗೆ ಹೊಸ ಬಾಗಿಲೇ ತೆರೆಯುತ್ತದೆ. 1973ರಲ್ಲಿ ಇದೇ ತಂಡದ ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು. ‘ಡುವೇನ್ ಇಲ್ಲದ್ದು ಕಂಟ್ರಿ ಬ್ಯಾಂಡ್’ ಎಂದು ಇದನ್ನು ತಳ್ಳಿಹಾಕುವವರು ಈ ಹದಿನೇಳು ನಿಮಿಷ ಕೂತು ಕೇಳಬೇಕು.

1989ರಲ್ಲಿ ಮತ್ತೆ ಕೂಡಿದಾಗ ಬೆಟ್ಸ್ ಪಕ್ಕಕ್ಕೆ ಬಂದವರು ವಾರನ್ ಹೇನ್ಸ್. ಬೇಸ್ ಅಲನ್ ವುಡಿ ಕೈಗೆ ಬಂತು. ಗಿಟಾರ್ ಜೋಡಿ ಮರಳಿತು, ಜೊತೆಗೆ ಭಾರವೂ ಬಂತು. ಹೇನ್ಸ್ ಸ್ವರ ದಪ್ಪ, ಒರಟು. 1995ರ ಲೈವ್ ಆಲ್ಬಂನಲ್ಲಿ ಎಲಿಜಬೆತ್ ರೀಡ್ ಅನ್ನು ಅಕೂಸ್ಟಿಕ್ ಗಿಟಾರ್‌ಗಳಲ್ಲಿ ನುಡಿಸಿದ್ದಾರೆ. ಚೆನ್ನಾಗಿದೆ, ಆದರೆ ಎದೆ ನಡುಗಿಸುವುದಿಲ್ಲ.

2000ದಲ್ಲಿ ಉಳಿದವರು ಫ್ಯಾಕ್ಸ್ ಕಳಿಸಿ ಬೆಟ್ಸ್‌ರನ್ನು ಹೊರಗಿಟ್ಟರು. ಅಭಿಮಾನಿಗಳಲ್ಲಿ ಹಲವರು ಇದನ್ನು ಇಂದಿಗೂ ಕ್ಷಮಿಸಿಲ್ಲ, ನಾನೂ ಅವರ ಕಡೆಯೇ. ನಡುವೆ ತಂಡ ಬಿಟ್ಟಿದ್ದ ಹೇನ್ಸ್ ಮರುವರ್ಷ ಹಿಂತಿರುಗಿ, ಬುಚ್ ಅವರ ಸೋದರನ ಮಗ, ಗಿಟಾರ್ ವಾದಕ ಡೆರೆಕ್ ಟ್ರಕ್ಸ್ ಜೊತೆ ನಿಂತರು. ಡೆರೆಕ್ ತಂತಿ ಮೀಟುವ ಪಿಕ್ ಮುಟ್ಟುವುದಿಲ್ಲ, ಬರಿ ಬೆರಳು. ಅವರ ಮೇಲೆ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಪ್ರಭಾವವಿದೆ. ಬೆರಳಿಗೆ ತೊಟ್ಟ ಗಾಜಿನ ಕೊಳವೆ, ಅಂದರೆ ಸ್ಲೈಡ್, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಮ್ಮ ಕಿವಿಗೆ ಅದು ಮೀಂಡ್ ಎಂದೇ ಕೇಳುತ್ತದೆ. 2003ರ ಬೀಕನ್ ಧ್ವನಿಮುದ್ರಿಕೆಯಲ್ಲಿ ಅವರ ಸ್ಲೈಡ್ ಕೇಳಿ. ಬೆರಳ ಕೌಶಲವನ್ನೇ ಅಳೆದರೆ ಮೂರರಲ್ಲಿ ಇದೇ ಮೇಲು.

ಆದರೂ ನನ್ನ ಎರಡನೇ ಸ್ಥಾನ 1973ರ ತಂಡಕ್ಕೇ. ಬೀಕನ್ ತಂಡದಲ್ಲಿ ಎಲ್ಲವೂ ಇದೆ, ಬೆಟ್ಸ್ ಅವರ ಹಾಡುವಂಥ ರಾಗದ ಎಳೆ ಇಲ್ಲ. ಡುವೇನ್ ಬಿಟ್ಟುಹೋದ ಜಾಗವನ್ನು ತುಂಬಲು ಹೋಗದೆ ಬೇರೆಯದೇ ದಾರಿ ಹಿಡಿದವರು ಬೆಟ್ಸ್ ಮತ್ತು ಲೆವೆಲ್. ಹೇನ್ಸ್–ಡೆರೆಕ್ ಜೋಡಿಗೆ ಮೂರನೆಯದು, 1989ರ ತಂಡಕ್ಕೆ ಕೊನೆಯದು.